ಹೆಡ್ ಕೂರಿಸಿದರೆ ಮುಗಿಯಲ್ಲ, ರಾಡ್ ಬೋಲ್ಟ್ ನೋಡಿ
ಹೋಂಡಾ ಸಿವಿಕ್ ಕಾರಿಗೆ ಬಿ18ಬಿ ಎಂಜಿನ್ನಿನ ಬ್ಲಾಕ್ ಇಳಿಸಿ, ಮೇಲೆ ಬಿ16ಎ ಎಂಜಿನ್ನಿನ ವಿಟೆಕ್ ಹೆಡ್ (ಆಯಿಲ್ ಒತ್ತಡದಿಂದ ವಾಲ್ವ್ ತೆರೆಯೋ ರೀತಿ ಬದಲಿಸುವ ಹೆಡ್) ಕೂರಿಸಿದರೆ 8000 ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಆರಾಮಾಗಿ ಸಿಗುತ್ತೆ ಅಂತ ಒಂದು ಲೇಖನದಲ್ಲಿದೆ. ಆರಾಮವೇನಲ್ಲ. ಎರಡೂ ಎಂಜಿನ್‌ಗೆ ಬೋರ್ (ಸಿಲಿಂಡರಿನ ಅಗಲ) 81 ಮಿ.ಮೀ., ಆದರೆ ಸ್ಟ್ರೋಕ್ (ಪಿಸ್ಟನ್ ಓಡೋ ದೂರ) ಬಿ16ಎಗೆ 77.4, ಬಿ18ಬಿಗೆ 89. 8000 ಆರ್‌ಪಿಎಂನಲ್ಲಿ ಬಿ18ಬಿ ಪಿಸ್ಟನ್ನಿನ ಸರಾಸರಿ ವೇಗ ಸೆಕೆಂಡಿಗೆ 23.7 ಮೀಟರ್, ಬಿ16ಎಯಲ್ಲಿ 20.6 ಅಷ್ಟೇ. ಮೊದಲು ಸೋಲೋದು ರಾಡ್ ಬೋಲ್ಟ್, ಅಂದರೆ ಪಿಸ್ಟನ್ನಿನ ರಾಡನ್ನು ಕ್ರ್ಯಾಂಕ್‌ಶಾಫ್ಟ್‌ಗೆ ಬಿಗಿಯುವ ಬೋಲ್ಟ್. ಅದು ಹಿಗ್ಗಿದರೆ ರಾಡಿನ ಬೇರಿಂಗ್ ಕೂತ ಜಾಗ ಬಿಟ್ಟು ತಿರುಗುತ್ತೆ, ಆಮೇಲೆ ರಾಡ್ ಬ್ಲಾಕ್ ಒಡೆದುಕೊಂಡು ಹೊರಗೆ! ಎಆರ್‌ಪಿ ಕಂಪನಿಯ ಗಟ್ಟಿ ಬೋಲ್ಟ್ ಹಾಕಿದ ಮೇಲೆ ಬಿಗ್ ಎಂಡನ್ನು (ಕ್ರ್ಯಾಂಕ್ ಹಿಡಿಯುವ ರಾಡಿನ ದೊಡ್ಡ ತುದಿಯನ್ನು) ಮತ್ತೆ ಹೋನ್ ಮಾಡಿಸಲೇಬೇಕು, ಅಂದರೆ ಒಳಗೆ ಉಜ್ಜಿ ಸರಿ ಅಳತೆಗೆ ತರಿಸಬೇಕು, ಬಿಗಿತ ಬದಲಾದರೆ ಅದರ ದುಂಡು ಕೆಡುತ್ತೆ. ಇನ್ನು ಬಿ18ಬಿ ಬ್ಲಾಕಿನಲ್ಲಿ ವಿಟೆಕ್‌ಗೆ ಆಯಿಲ್ ದಾರಿಯೇ ಇಲ್ಲ: ಬ್ಲಾಕಿನ ಆಯಿಲ್ ಪ್ರೆಶರ್ ಸ್ವಿಚ್ ಜಾಗದಲ್ಲಿ ಟಿ ಆಕಾರದ ಫಿಟಿಂಗ್ ಹಾಕಿ ಹೊರಗಿಂದ ಹೆಡ್ಡಿಗೆ ಲೈನ್ ಎಳೀಬೇಕು, ಹೆಡ್ಡಿನ ಮೂಲ ಆಯಿಲ್ ಕಿಂಡಿ ಮುಚ್ಚಬೇಕು.