ಗಾಳಿ ತುಂಬಿದ ಚೀಲಕ್ಕೂ ಪ್ಯಾಕೇಜು

ಇವತ್ತು ಬೆಳಿಗ್ಗೆ ನಮ್ಮ ಅಪಾರ್ಟ್‌ಮೆಂಟಿನ ಹೆಲ್ತ್ ಕ್ಯಾಂಪಿಗೆ ಹೋಗಿ ಬಿಪಿ ಏರಿಸಿಕೊಂಡು ಬಂದೆ. ಇಳಿಸಿಕೊಳ್ಳೋಕೆ ಈ ಪೋಸ್ಟ್. ಉದ್ದ ಇದೆ, ಸಹಿಸಿಕೊಳ್ಳಿ.

ಮೂಲೆಯಲ್ಲೊಂದು ನೀಲಿ ಚೀಲ. ಆಳು ಉದ್ದಕ್ಕೆ ಮಲಗುವಷ್ಟು ದೊಡ್ಡದು, ಮೇಲೊಂದು ಜಿಪ್ಪು, ಪಕ್ಕದಲ್ಲಿ ಗುರ್ ಅನ್ನೋ ಪಂಪು. ‘ಹೈಪರ್‌ಬೇರಿಕ್ ಆಕ್ಸಿಜನ್ ಥೆರಪಿ’ ಅಂತ ಬೋರ್ಡು, ಅಂದ್ರೆ ಹೆಚ್ಚಿನ ಒತ್ತಡದಲ್ಲಿ ಆಕ್ಸಿಜನ್ ಕೊಡೋ ಚಿಕಿತ್ಸೆ. ಕರಪತ್ರದಲ್ಲಿ ಮಂಡಿನೋವು, ಶುಗರ್, ಮುಖದ ಸುಕ್ಕು, ಮಕ್ಕಳ ಆಟಿಸಂ ಎಲ್ಲಾ ಒಂದೇ ಸಾಲಲ್ಲಿ. ಟೈ ಕಟ್ಟಿಕೊಂಡ ಹುಡುಗನೊಬ್ಬ ಒಬ್ಬಳು ತಾಯಿಗೆ, “ಪೂರ್ತಿ ಪ್ಯಾಕೇಜ್ ತಗೊಳ್ಳಿ ಮೇಡಂ, ಮಗು ಮಾತಾಡೋಕೆ ಶುರು ಮಾಡುತ್ತೆ” ಅಂತಿದ್ದ. ಆಕೆ ಆಗಲೇ ಫಾರಂ ತುಂಬ್ತಾ ಇದ್ದಳು.

ನನ್ನ ಬಾಯಿ ಸುಮ್ಮನಿರುತ್ತಾ? ಒಳಗೆ ಪ್ರೆಷರ್ ಎಷ್ಟಪ್ಪಾ ಅಂದೆ. “1.3 ಮೇಡಂ.” ಆಕ್ಸಿಜನ್ ಎಲ್ಲಿಂದ ಬರುತ್ತೆ? “ಗಾಳೀಲೇ ಇದೆಯಲ್ಲಾ ಮೇಡಂ!”

ಇದೆಯಲ್ಲಾ! ಹಾಗಾದ್ರೆ ಸರ್ವೀಸ್ ಪೂರ್ತಿ ನಾವು ಸಿಸ್ಟರ್‌ಗಳು ಸಿಲಿಂಡರ್ ಉರುಳಿಸಿಕೊಂಡು ವಾರ್ಡಿನಿಂದ ವಾರ್ಡಿಗೆ ಓಡಿದ್ದು ವ್ಯಾಯಾಮಕ್ಕೇ ಇರಬೇಕು.

ಲೆಕ್ಕ ಸುಲಭ. ಗಾಳಿಯಲ್ಲಿ ಆಕ್ಸಿಜನ್ ಶೇ. 21. ಹುಡುಗ ಹೇಳಿದ 1.3 ಅಂದ್ರೆ ಹೊರಗಿನ ಗಾಳಿಯ ಒತ್ತಡದ 1.3 ಪಟ್ಟು. ಅಷ್ಟು ಒತ್ತಿದರೆ ಹೆಚ್ಚುಕಮ್ಮಿ ಶೇ. 27 ಉಸಿರಾಡಿದ ಹಾಗೆ. ವಾರ್ಡಿನಲ್ಲಿ ಮೂಗಿಗೆ ಪ್ರಾಂಗ್ಸ್ (ಆಕ್ಸಿಜನ್ ನಳಿಕೆ) ಸಿಕ್ಕಿಸಿ ನಿಮಿಷಕ್ಕೆ 2 ಲೀಟರ್ ಬಿಟ್ಟರೆ ಅಷ್ಟೇ ಸಿಗುತ್ತೆ. ಇಂಥ ಮೆತ್ತನೆ ಚೀಲಗಳಿಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು ಎತ್ತರದ ಬೆಟ್ಟ ಹತ್ತಿ ಉಸಿರು ಕಟ್ಟಿದವರಿಗಾಗಿ. ನಮ್ಮ ಅಪಾರ್ಟ್‌ಮೆಂಟು ಇನ್ನೂ ಹಿಮಾಲಯದ ಎತ್ತರಕ್ಕೆ ಬೆಳೆದಿಲ್ಲ.

ನನಗೆ ಸಿಟ್ಟು ಬರೋದು ಆ ಹೆಸರು ಕದ್ದದ್ದಕ್ಕೆ. ಯಾಕಂದ್ರೆ ಅಸಲಿ ಚಿಕಿತ್ಸೆ ನಿಜಕ್ಕೂ ದೊಡ್ಡದು. ಗಟ್ಟಿ ಛೇಂಬರ್, ಒಳಗೆ 2ರಿಂದ 2.5 ಪಟ್ಟು ಒತ್ತಡ, ಉಸಿರಾಡೋಕೆ ಶೇ. 100 ಆಕ್ಸಿಜನ್, ಸುಮಾರು ಒಂದೂವರೆ ಗಂಟೆ. ಗೋಲಿ ಸೋಡಾದಲ್ಲಿ ಗ್ಯಾಸು ಒತ್ತಡಕ್ಕೆ ನೀರಲ್ಲಿ ಕರಗಿ ಕೂರುತ್ತಲ್ಲ, ಹಾಗೆ ಇಲ್ಲಿ ಆಕ್ಸಿಜನ್ ರಕ್ತದ ನೀರಿನಂಶದಲ್ಲೇ ಕರಗುತ್ತೆ, ಆಕ್ಸಿಜನ್ ಹೊರುವ ಹಿಮೋಗ್ಲೋಬಿನ್ನಿನ ಹಂಗೇ ಬೇಡ. 1960ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಸರ್ಜನ್ ಬೂರೆಮಾ ಹಂದಿಗಳ ಕೆಂಪು ರಕ್ತಕಣಗಳನ್ನೆಲ್ಲಾ ಹೆಚ್ಚುಕಮ್ಮಿ ಖಾಲಿ ಮಾಡಿ, 3 ಪಟ್ಟು ಒತ್ತಡದಲ್ಲಿ ಅವನ್ನು ಬದುಕಿಸಿ ತೋರಿಸಿದ್ದರು. ಇದು ವಿಜ್ಞಾನ. ನೀಲಿ ಚೀಲ ಅಲ್ಲ.

ಯಾರಿಗೆ ಬೇಕು ಇದು? ನೇತ್ರಾಣಿಯಂಥ ಕಡೆ ಸ್ಕೂಬಾಕ್ಕೆ ಇಳಿದು, ಆಳದಿಂದ ಸರ್ರನೆ ಮೇಲೆ ಬಂದು ರಕ್ತದಲ್ಲಿ ಗುಳ್ಳೆ ಕಟ್ಟಿಕೊಂಡವರಿಗೆ. ಗ್ಯಾಸ್ ಗ್ಯಾಂಗ್ರೀನ್ ಅನ್ನೋ ಮಾಂಸ ಕೊಳೆಸುವ ಸೋಂಕು ಆದವರಿಗೆ. ಕ್ಯಾನ್ಸರಿಗೆ ರೇಡಿಯೇಷನ್ ಕೊಟ್ಟ ಜಾಗ ವರ್ಷಗಳ ಮೇಲೆ ಕೊಳೆಯೋಕೆ ಶುರುವಾದವರಿಗೆ. ಮತ್ತೆ ನಮ್ಮೂರಿನ ಶಾಪ, ಬಚ್ಚಲಮನೆ ಗ್ಯಾಸ್ ಗೀಸರ್. ಕಿಟಕಿ ಮುಚ್ಚಿ ಸ್ನಾನಕ್ಕೆ ಹೋದವರು ಕಾರ್ಬನ್ ಮೊನಾಕ್ಸೈಡ್ ಕುಡಿದು ಅಲ್ಲೇ ಬೀಳ್ತಾರೆ. ಆ ವಿಷ ರಕ್ತದಲ್ಲಿ ಅರ್ಧಕ್ಕಿಳಿಯೋಕೆ ಬರೀ ಗಾಳಿಯಲ್ಲಾದರೆ 4-5 ಗಂಟೆ, ಮಾಸ್ಕಿನಲ್ಲಿ ಪೂರ್ತಿ ಆಕ್ಸಿಜನ್ ಕೊಟ್ಟರೆ ಸುಮಾರು ಒಂದೂವರೆ ಗಂಟೆ, 3 ಪಟ್ಟು ಒತ್ತಡದ ಛೇಂಬರಿನಲ್ಲಿ ಅರ್ಧ ಗಂಟೆಗಿಂತ ಕಮ್ಮಿ. ಕ್ಯಾಂಪಿನ ಹುಡುಗನಿಗೆ ಕಾರ್ಬನ್ ಮೊನಾಕ್ಸೈಡ್ ಅಂದ್ರೆ “ಪೊಲ್ಯೂಷನ್ನಾ ಮೇಡಂ?” ಅಂದ.

“ಹೋಗ್ಲಿ ಬಿಡ್ರೀ, ಉಪಯೋಗ ಆಗದಿದ್ರೂ ತೊಂದ್ರೆ ಏನಿಲ್ವಲ್ಲ” ಅಂದರು ನಮ್ಮ ಸೆಕ್ರೆಟರಿ ಸಾಹೇಬರು. ಚೀಲದ ಮಟ್ಟಿಗೆ ಹೆಚ್ಚಾಗಿ ದುಡ್ಡೇ ಹೋಗೋದು, ಒಪ್ಪಿದೆ. ಆದರೆ ಇದೇ ಪೊಳ್ಳು ಭರವಸೆಗಳನ್ನು ಅಸಲಿ ಛೇಂಬರ್ ಇಟ್ಟುಕೊಂಡು ಮಾರೋರೂ ಇದ್ದಾರೆ. ಅಸಲಿ ಛೇಂಬರಿಗೆ ಹೋಗುವ ಮುಂಚೆ ಏನೇನು ನೋಡ್ತಾರೆ ಗೊತ್ತಾ? ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿರಬಾರದು. ಲಿಪ್‌ಸ್ಟಿಕ್ ಒರೆಸಿ. ನೈಲಾನ್ ಸೀರೆ ಬಿಚ್ಚಿ ಕಾಟನ್ ಗೌನ್ ಹಾಕಿಕೊಳ್ಳಿ. ಮೊಬೈಲ್ ಹೊರಗಿಡಿ. ಅಷ್ಟು ಆಕ್ಸಿಜನ್ ಇರೋ ಕಡೆ ಒಂದು ಕಿಡಿ ಸಾಕು. 1997ರಲ್ಲಿ ಮಿಲಾನ್‌ನ ಆಸ್ಪತ್ರೆಯೊಂದರ ಛೇಂಬರಿಗೆ ಬೆಂಕಿ ಬಿದ್ದು 11 ಜನ ಸತ್ತರು. 2025ರ ಜನವರಿಯಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ 5 ವರ್ಷದ ಮಗು ಛೇಂಬರಿನೊಳಗೇ ಸುಟ್ಟುಹೋಯಿತು. ಆ ಮಗುವನ್ನು ಅಲ್ಲಿಗೆ ಕರೆತಂದಿದ್ದು ನಿದ್ದೆಯ ತೊಂದರೆಗೆ, ಎಡಿಎಚ್‌ಡಿಗೆ (ಗಮನ ನಿಲ್ಲದ, ಅತಿ ಚಂಚಲತೆಯ ತೊಂದರೆ). ಇವೆರಡಕ್ಕೂ ಈ ಚಿಕಿತ್ಸೆಗೆ ಅನುಮೋದನೆಯೇ ಇಲ್ಲ. ಆಟಿಸಂಗೂ ಇಲ್ಲ. ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2013ರಲ್ಲೇ ‘ಮೋಸ ಹೋಗಬೇಡಿ’ ಅಂತ ಸಾರಿತ್ತು.

ಈಗ ಯಾರೋ ಕಾಮೆಂಟಲ್ಲಿ ಇಸ್ರೇಲಿನ ಅಧ್ಯಯನ ತರ್ತೀರಿ, ಗೊತ್ತು. ವಯಸ್ಸು ಹಿಂದಕ್ಕೆ ಹೋಗುತ್ತೆ ಅಂತ ವಾಟ್ಸಾಪಲ್ಲಿ ಓಡಾಡಿದ್ದು. 2020ರದು, 35 ಜನ, ಹೋಲಿಸಿ ನೋಡೋಕೆ ಚಿಕಿತ್ಸೆ ಇಲ್ಲದ ಇನ್ನೊಂದು ಗುಂಪೇ ಇರಲಿಲ್ಲ. ಅದೂ ಜಿಪ್ಪಿನ ಚೀಲದಲ್ಲಿ ಮಾಡಿದ್ದಲ್ಲ. ಕೆನಡಾದಲ್ಲಿ ಸೆರೆಬ್ರಲ್ ಪಾಲ್ಸಿ (ಮಿದುಳಿನ ಹಾನಿಯಿಂದ ಕೈಕಾಲು ಹಿಡಿತಕ್ಕೆ ಬಾರದ ತೊಂದರೆ) ಇದ್ದ 111 ಮಕ್ಕಳ ಮೇಲೆ ಸರಿಯಾದ ಪ್ರಯೋಗ ಮಾಡಿ 2001ರಲ್ಲಿ ಪ್ರಕಟಿಸಿದರು. ಅರ್ಧ ಮಕ್ಕಳಿಗೆ ಹೆಚ್ಚಿನ ಒತ್ತಡದಲ್ಲಿ ಶುದ್ಧ ಆಕ್ಸಿಜನ್, ಉಳಿದರ್ಧಕ್ಕೆ 1.3ರಲ್ಲಿ ಬರೀ ಗಾಳಿ. ಎರಡೂ ಗುಂಪು ಒಂದೇ ಸಮ ಸುಧಾರಿಸಿದವು. ಮಾರೋರು ಇದನ್ನೇ ಹಿಡಿದು, “ನೋಡಿ, 1.3 ಸಾಕು” ಅಂತಾರೆ. ದಿನಾ ಇಷ್ಟು ಜನ ಮಗುವಿನ ಜೊತೆ ಕೂತು, ಆಡಿಸಿ, ಹುರಿದುಂಬಿಸಿದ್ದಕ್ಕೆ ಬಂದ ಫಲ ಇರಬಹುದಲ್ಲವಾ ಅಂತ ಕೇಳಿದರೆ ಮಾತಿಲ್ಲ. ಆ ಪ್ರೀತಿಗೆ ಜಿಎಸ್‌ಟಿ ಹಾಕೋಕಾಗಲ್ಲ ನೋಡಿ.

ಆ ತಾಯಿಯ ಮೇಲೆ ನನಗೆ ಚೂರೂ ಸಿಟ್ಟಿಲ್ಲ. ನನ್ನ ಮಗಳು ಮೂರು ವರ್ಷವಾದರೂ ಮಾತಾಡದೇ ಇದ್ದಾಗ ನಾನೂ ಕಾಣದ ದೇವರಿಗೆಲ್ಲಾ ಮುಡಿಪು ಕಟ್ಟಿದವಳೇ. ಆ ಸಮಯದಲ್ಲಿ ಯಾರಾದರೂ ಈ ಚೀಲ ತೋರಿಸಿದ್ದರೆ ಓಲೆ ಅಡವಿಟ್ಟಾದರೂ ಹೋಗ್ತಿದ್ದೆ. ಅದು ಗೊತ್ತಿದ್ದೇ ಇವರು ಅಂಗಡಿ ಹಾಕೋದು.

ನಮ್ಮ ದೊಡ್ಡಪ್ಪನ ಶುಗರ್ ಕಾಲು ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ಹುಣ್ಣು ಮೂಳೆ ಮುಟ್ಟಿತ್ತು. ಛೇಂಬರಿಗೂ ಹಾಕಿದರು, ಕಾಲು ಉಳೀತು. ಆದರೆ ಸರ್ಜನ್ ಕೊಳೆತದ್ದನ್ನೆಲ್ಲಾ ಕೆರೆದು ತೆಗೆದಿದ್ದರು, ಆಂಟಿಬಯೋಟಿಕ್ ಹೋಗ್ತಿತ್ತು, ದಿನಾ ಡ್ರೆಸ್ಸಿಂಗ್ ಆಗ್ತಿತ್ತು, ದೊಡ್ಡಮ್ಮ ಸಕ್ಕರೆ ಡಬ್ಬಕ್ಕೆ ಬೀಗ ಹಾಕಿದ್ದರು. ಯಾವುದರಿಂದ ಎಷ್ಟು ಅಂತ ನಾನು ಹೇಳಲಾರೆ. ಶುಗರ್ ಹುಣ್ಣಿನ ಪ್ರಯೋಗಗಳೇ ಕೆಲವು ಹೌದು ಅಂದಿವೆ, ಕೆಲವು ಇಲ್ಲ ಅಂದಿವೆ. ಇದನ್ನು ನಮಗೆ ಮುಖಕ್ಕೆ ಮುಖ ಕೊಟ್ಟು ಹೇಳಿದ್ದು ಛೇಂಬರ್ ನಡೆಸ್ತಿದ್ದ ಡಾಕ್ಟರೇ, ದುಡ್ಡು ಕಟ್ಟಿಸಿಕೊಳ್ಳೋ ಮುಂಚೆ.

ಸೆಕ್ರೆಟರಿ ಸಾಹೇಬರೇ, ಈ ಪೋಸ್ಟ್ ನೀವು ಓದ್ತೀರಿ ಅಂತ ಗೊತ್ತು. ಸ್ಟಾಲಿಗೆ ಬಾಡಿಗೆ ಎಷ್ಟು ತಗೊಂಡಿರಿ ಅನ್ನೋದನ್ನ ಮುಂದಿನ ಮೀಟಿಂಗಲ್ಲಿ ಕೇಳ್ತೀನಿ. ಹಾಗೇ ಬಿ ಬ್ಲಾಕಿನಲ್ಲಿ ಇನ್ನೂ ಬಚ್ಚಲ ಒಳಗೇ ಇರೋ ಗ್ಯಾಸ್ ಗೀಸರ್‌ಗಳ ಪಟ್ಟಿಯನ್ನೂ ತಗೊಂಡು ಬನ್ನಿ.