ಮೂರನೆಯ ದಿನದ ಸಿಟ್ಟು, ಎಂಟನೆಯ ಲೋಟ ಕಾಫಿ

ಕಳೆದ ಡಿಸೆಂಬರಿನಲ್ಲಿ, ಅರೇಬಿಕಾ ಕಾಫಿಯ ಕೊಯ್ಲು ಭರದಿಂದ ನಡೆಯುತ್ತಿದ್ದ ಒಂದು ಸಂಜೆ, ಹಣ್ಣು ತೂಗುವ ಹೊತ್ತಿನಲ್ಲಿ ನಾನು ಒಬ್ಬ ಹಿರಿಯ ಹೆಂಗಸಿನ ಮೇಲೆ ಕೂಗಾಡಿದೆ. ಅವರ ಚೀಲದಲ್ಲಿ ಹಸಿರು ಕಾಯಿ ಸ್ವಲ್ಪ ಹೆಚ್ಚಾಗಿತ್ತು, ಅಷ್ಟೇ. ಮೂಡಿಗೆರೆ ಕಡೆಯ ತೋಟವೊಂದರಲ್ಲಿ 19 ವರ್ಷಗಳಿಂದ ರೈಟರ್, ಎಂದರೆ ಹಾಜರಿ, ತೂಕದ ಲೆಕ್ಕ ಬರೆಯುವವನು, ಆಗಿರುವ ನಾನು ಹಸಿರು ಕಾಯಿಗಾಗಿ ಗದರಿದ್ದು ಅದೇ ಮೊದಲೇನಲ್ಲ. ಆದರೆ ಅಂದು ತಕ್ಕಡಿಯ ಕೊಕ್ಕೆಯಿಂದ ಚೀಲವನ್ನು ಕಿತ್ತು ನೆಲಕ್ಕೆ ಎಸೆದೆ. ಬಾಯಿ ಬಿಚ್ಚಿಕೊಂಡ ಚೀಲದಿಂದ ಕೆಂಪು ಹಣ್ಣು ಕಣದ ತುಂಬ ಉರುಳಿತು. ಸಾಲಿನಲ್ಲಿ ನಿಂತವರೆಲ್ಲ ಮಾತು ನಿಲ್ಲಿಸಿದರು. ಆ ಹೆಂಗಸು ಮಾತ್ರ ಕುಕ್ಕರುಗಾಲಿನಲ್ಲಿ ಕುಳಿತು, ಹಣ್ಣನ್ನು ಎರಡೂ ಕೈಯಲ್ಲಿ ಬಾಚಿ ಚೀಲಕ್ಕೆ ತುಂಬುತ್ತಾ, ತಲೆ ಎತ್ತದೆ ಕೇಳಿದರು: "ರೈಟ್ರೇ, ಬಿಟ್ಟು ಎಷ್ಟು ದಿನ ಆಯ್ತು?"

ಮೂರು ದಿನವಾಗಿತ್ತು. ನಾನು ಸಿಗರೇಟು ಬಿಟ್ಟಿರುವುದನ್ನು ತೋಟದಲ್ಲಿ ಯಾರಿಗೂ ಹೇಳಿರಲಿಲ್ಲ. "ನಮ್ಮನೇವ್ರು ಬೀಡಿ ಬಿಟ್ಟಾಗೆಲ್ಲ ಹಿಂಗೇ. ಮೂರನೇ ದಿನಕ್ಕೆ ಮನೇಲಿ ಒಂದು ಪಾತ್ರೆ ನೆಟ್ಟಗಿರಲ್ಲ" ಎಂದು ಅವರು ಸಾಲಿನ ಕೊನೆಗೆ ಹೋಗಿ ನಿಂತರು.

ಇದನ್ನು ಬರೆಯುವ ಹೊತ್ತಿಗೆ ನಾನು ಬಿಟ್ಟು 11 ತಿಂಗಳಾಗಿದೆ. ಅದಕ್ಕೂ ಮೊದಲು 23 ವರ್ಷ ಸೇದಿದ್ದೇನೆ ಮತ್ತು ನಾಲ್ಕು ಬಾರಿ ಬಿಡಲು ಹೋಗಿ ಸೋತಿದ್ದೇನೆ. ಆ ನಾಲ್ಕೂ ಬಾರಿ ನನಗೆ ಸಿಕ್ಕ ಬುದ್ಧಿಮಾತು ಒಂದೇ ಆಗಿತ್ತು: "ಮನಸ್ಸು ಗಟ್ಟಿ ಮಾಡಿ." ಮನೆಯವರು, ಗೆಳೆಯರು, ಒಬ್ಬ ವೈದ್ಯರು ಕೂಡ ಅದನ್ನೇ ಹೇಳಿದರು. ಈ ಮಾತು ತಪ್ಪು ಎನ್ನುವುದಕ್ಕಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ. ಮನಸ್ಸು ಗಟ್ಟಿಯಿದ್ದರೆ ಸಾಕು ಎಂದು ನಂಬಿದವನು ಮೂರನೆಯ ದಿನ ಮಗನ ಮೇಲೆ ಕೈ ಎತ್ತಿದಾಗ ತಾನೇ ಕೆಟ್ಟವನೆಂದೋ, ಸಿಗರೇಟಿಲ್ಲದೆ ತನಗೆ ಬಾಳುವೆಯಿಲ್ಲವೆಂದೋ ತೀರ್ಮಾನಿಸಿಬಿಡುತ್ತಾನೆ. ಎರಡೂ ಸುಳ್ಳು. ಆ ಸಿಟ್ಟಿಗೆ ಒಂದು ವೇಳಾಪಟ್ಟಿ ಇದೆ, ಮತ್ತು ಅದನ್ನು ಕಣದಲ್ಲಿ ಹಣ್ಣು ಬಾಚುತ್ತಿದ್ದ ಹೆಂಗಸು ನನಗಿಂತ ಚೆನ್ನಾಗಿ ಬಲ್ಲವರಾಗಿದ್ದರು.

ಒಳಗೆ ನಡೆಯುವುದು ಇಷ್ಟು. ಎಳೆದ ಹೊಗೆಯ ನಿಕೋಟಿನ್ 10ರಿಂದ 20 ಸೆಕೆಂಡುಗಳಲ್ಲಿ ಮಿದುಳನ್ನು ಮುಟ್ಟುತ್ತದೆ. ರಕ್ತದಲ್ಲಿರುವ ಅದರ ಅರ್ಧದಷ್ಟು ಸುಮಾರು ಎರಡು ಗಂಟೆಯಲ್ಲಿ ಇಳಿದುಹೋಗುತ್ತದೆ. ವರ್ಷಗಟ್ಟಲೆ ಹೀಗೆ ಏರಿಸಿ ಇಳಿಸಿದ ಮಿದುಳಿನಲ್ಲಿ ನಿಕೋಟಿನ್‌ಗಾಗಿ ಕಾದು ಕೂರುವ ಗ್ರಾಹಕಗಳು (ಅದು ಬಂದು ಅಂಟಿಕೊಳ್ಳುವ ತಾಣಗಳು) ಸೇದದವರಲ್ಲಿ ಇರುವುದಕ್ಕಿಂತ ಹೆಚ್ಚಾಗಿಬಿಡುತ್ತವೆ. ಬಿಟ್ಟ ಕೆಲವೇ ಗಂಟೆಗಳಲ್ಲಿ ಅವು ಪೀಡಿಸತೊಡಗುತ್ತವೆ. ಎರಡನೆಯ, ಮೂರನೆಯ ದಿನ ಆ ಪೀಡನೆ ತಾರಕಕ್ಕೇರಿ, ಎರಡರಿಂದ ನಾಲ್ಕು ವಾರಗಳಲ್ಲಿ ಬಹುಪಾಲು ಇಳಿಯುತ್ತದೆ. ಸಿಡುಕು, ಚಡಪಡಿಕೆ, ನಿದ್ದೆಗೇಡು, ವಿಪರೀತ ಹಸಿವು, ಒಂದು ಸಾಲು ಲೆಕ್ಕವನ್ನೂ ಕೂಡಲಾಗದಷ್ಟು ಮಂಕು, ಕಾರಣವಿಲ್ಲದ ದುಃಖ ಎಲ್ಲವೂ ಅದರ ಲಕ್ಷಣಗಳೇ. ನನಗೆ ಮಲಬದ್ಧತೆಯೂ ಕಾಡಿತು, ಬಾಯಿ ಹುಣ್ಣೂ ಆಯಿತು. ಇವೂ ಅದರದೇ ಬಾಲ ಎಂದು ಮೊದಲೇ ತಿಳಿದಿದ್ದರೆ ಬಿ ಕಾಂಪ್ಲೆಕ್ಸ್ ಮಾತ್ರೆಯ ಖರ್ಚು ಉಳಿಯುತ್ತಿತ್ತು.

"ಸಿಗರೇಟು ಸೇದಿದರೆ ನೆಮ್ಮದಿ" ಎನ್ನುವ ನಮ್ಮ ಹಳೆಯ ನಂಬಿಕೆಯ ಗುಟ್ಟೂ ಇಲ್ಲೇ ಇದೆ. ಹಿಂದಿನ ಸಿಗರೇಟು ಇಳಿಯುತ್ತಾ ಬಂದಂತೆ ಏಳುವ ಚಡಪಡಿಕೆಯನ್ನು ಮುಂದಿನ ಸಿಗರೇಟು ಅಡಗಿಸುತ್ತದೆ. ನಾವು ಅದನ್ನೇ ನೆಮ್ಮದಿ ಎಂದು ಕರೆಯುತ್ತೇವೆ. ಕಚ್ಚುವ ಚಪ್ಪಲಿ ಹಾಕಿಕೊಂಡು ಗಂಟೆಗೊಮ್ಮೆ ಕಳಚಿದಾಗ ಆಗುವ ಸುಖದಂತೆ. ಬಿಟ್ಟವರ ಆತಂಕ, ಖಿನ್ನತೆ ಮತ್ತು ಒತ್ತಡ ಸೇದುತ್ತಲೇ ಇದ್ದವರಿಗಿಂತ ಕಡಿಮೆಯಾಗುವುದನ್ನು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಸಂಶೋಧಕರು 2014ರಲ್ಲಿ ಪ್ರಕಟಿಸಿದ್ದಾರೆ. ಆದರೆ ಮೂರನೆಯ ದಿನ ಕಣದಲ್ಲಿ ನಿಂತವನಿಗೆ ಆ ಮಾತು ಯಾವ ಮೂಲೆಗೂ ಸಾಲುವುದಿಲ್ಲ.

ಅವನಿಗೆ ಬೇಕಾದದ್ದು ಮುಂದಿನ ಐದು ನಿಮಿಷಕ್ಕೆ ಒಂದು ದಾರಿ. ಸೇದಬೇಕೆಂಬ ಹಪಹಪಿ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಎದ್ದು, ಏರಿ, ಸಾಮಾನ್ಯವಾಗಿ ಕೆಲವೇ ನಿಮಿಷಗಳಲ್ಲಿ ತಗ್ಗುತ್ತದೆ. ನಾನು ಇದನ್ನು ಪರೀಕ್ಷಿಸಲೆಂದೇ ಹಾಜರಿ ಪುಸ್ತಕದ ಕೊನೆಯ ಹಾಳೆಯಲ್ಲಿ ಗಡಿಯಾರ ನೋಡಿ ಬರೆದಿಟ್ಟೆ. ಮೊದಲ ವಾರದಲ್ಲಿ ಅತಿ ದೀರ್ಘವಾದದ್ದು 9 ನಿಮಿಷ, ಹೆಚ್ಚಿನವು ನಾಲ್ಕೈದು ನಿಮಿಷ. ಆ ಹಾಳೆ ನನಗೆ ಮಾಡಿದ ಉಪಕಾರವನ್ನು ಯಾವ ಉಪದೇಶವೂ ಮಾಡಲಿಲ್ಲ, ಏಕೆಂದರೆ ಅದರಲ್ಲಿ ಹೊತ್ತು ಮಾತ್ರವಲ್ಲ, ಜಾಗವೂ ದಾಖಲಾಗಿತ್ತು: ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆಯ ಹಿಂದಿನ ಕಟ್ಟೆ, ಬೈಕು ನಿಲ್ಲಿಸುವ ಹಲಸಿನ ಮರದಡಿ, ಸಾಹುಕಾರರ ಫೋನು ಬಂದು ಮುಗಿದ ಕೂಡಲೇ, ಊಟವಾದ ಮೇಲೆ. ಕಟ್ಟೆಯ ಮೇಲೆ ಕೂರುವುದನ್ನು ಬಿಟ್ಟೆ. ಬೈಕನ್ನು ಬೇರೆ ಕಡೆ ನಿಲ್ಲಿಸಿದೆ. ಊಟವಾದ ತಕ್ಷಣ ತಟ್ಟೆ ತೊಳೆಯಲು ನಿಂತೆ. ಒದ್ದೆ ಕೈಯಲ್ಲಿ ಸಿಗರೇಟು ಹಿಡಿಯಲಾಗುವುದಿಲ್ಲ ಎನ್ನುವುದು ಕೇಳುವುದಕ್ಕೆ ತಮಾಷೆಯಾದರೂ ನಿಜ. ಸಾಹುಕಾರರ ಫೋನಿಗೆ ಮಾತ್ರ ಪರಿಹಾರ ಸಿಕ್ಕಿಲ್ಲ.

ಇನ್ನು ಕಾಫಿಯ ವಿಷಯ. ನಾನು ಈ ಬರಹ ಬರೆಯಲು ಕೂತದ್ದೇ ಅದಕ್ಕಾಗಿ.

ಮೊದಲ ಹತ್ತು ದಿನ ನನಗೆ ರಾತ್ರಿ ಎರಡು ಗಂಟೆಯವರೆಗೆ ನಿದ್ದೆ ಹತ್ತುತ್ತಿರಲಿಲ್ಲ. ಎದೆ ಡವಗುಟ್ಟುತ್ತಿತ್ತು, ಚೀಟಿ ಬರೆಯುವಾಗ ಬೆರಳು ನಡುಗುತ್ತಿದ್ದವು. ಇದೆಲ್ಲವೂ ಸಿಗರೇಟು ಬಿಟ್ಟದ್ದರ ಫಲವೆಂದೇ ತಿಳಿದಿದ್ದೆ. ಜಿಲ್ಲಾ ಆಸ್ಪತ್ರೆಯ ತಂಬಾಕು ವ್ಯಸನಮುಕ್ತಿ ಕೇಂದ್ರದ ಆಪ್ತಸಮಾಲೋಚಕಿಯೊಬ್ಬರು ನನ್ನ ಕತೆಯನ್ನೆಲ್ಲ ಕೇಳಿ, ದಿನಕ್ಕೆ ಎಷ್ಟು ಲೋಟ ಕಾಫಿ ಎಂದು ಪ್ರಶ್ನಿಸಿದರು. ಏಳು, ಕೊಯ್ಲಿನಲ್ಲಿ ಎಂಟು ಎಂದೆ. ಅರ್ಧಕ್ಕೆ ಇಳಿಸಿ ಎಂದರು. ಕಾರಣವನ್ನೂ ವಿವರಿಸಿದರು: ಸಿಗರೇಟಿನ ಹೊಗೆಯಲ್ಲಿರುವ ಕೆಲವು ರಾಸಾಯನಿಕಗಳು, ಯಕೃತ್ತಿನಲ್ಲಿ ಕೆಫೀನನ್ನು ಒಡೆಯುವ ಕಿಣ್ವವನ್ನು ಚುರುಕುಗೊಳಿಸುತ್ತವೆ. ಅದರಿಂದಾಗಿ ಸೇದುವವರ ಮೈಯಲ್ಲಿ ಕೆಫೀನ್ ಬೇಗ ಖಾಲಿಯಾಗುತ್ತದೆ. ಅವರು ಲೋಟದ ಮೇಲೆ ಲೋಟ ಕುಡಿದರೂ ತಡೆದುಕೊಳ್ಳುತ್ತಾರೆ. ಹೊಗೆ ನಿಂತ ಕೆಲವೇ ದಿನಗಳಲ್ಲಿ ಆ ಕಿಣ್ವ ತನ್ನ ಸಹಜ ವೇಗಕ್ಕೆ ಮರಳುತ್ತದೆ, ಆಗ ಅಷ್ಟೇ ಕಾಫಿಯಿಂದ ರಕ್ತದಲ್ಲಿ ಉಳಿಯುವ ಕೆಫೀನ್ ಹೆಚ್ಚುಕಡಿಮೆ ಇಮ್ಮಡಿಯಾಗಬಹುದು. ಎಂದರೆ ನಾನು ಅದೇ ಎಂಟು ಲೋಟ ಕುಡಿಯುತ್ತಾ, ನನ್ನ ಮೈಯ ಲೆಕ್ಕದಲ್ಲಿ ಹದಿನಾರು ಲೋಟ ಕುಡಿಯುತ್ತಿದ್ದೆ. ಇದು ಹೊಗೆಯ ಕೆಲಸವೇ ಹೊರತು ನಿಕೋಟಿನ್‌ನದಲ್ಲವಾದ್ದರಿಂದ, ಸಿಗರೇಟು ಬಿಡಲೆಂದು ಅದರ ಬದಲಿಗೆ ನಿಕೋಟಿನ್ ಗಮ್ ಅಗಿಯುವವರಿಗೂ ಇದು ತಪ್ಪಿದ್ದಲ್ಲ.

ಬಾಬಾ ಬುಡನ್ ಏಳು ಬೀಜ ತಂದರೆಂದು ಕತೆ ಹೇಳುವ ಜಿಲ್ಲೆಯಲ್ಲಿ ಕುಳಿತು ಕಾಫಿ ಕಡಿಮೆ ಮಾಡಿ ಎನ್ನುವುದಕ್ಕೆ ಧೈರ್ಯ ಬೇಕು, ಅದೂ ಕಾಫಿಯಿಂದಲೇ ಸಂಬಳ ಪಡೆಯುವವನಿಗೆ. ಆದರೆ ನಮ್ಮ ಚಿಕ್ಕಮಗಳೂರು, ಹಾಸನದ ಕಡೆ ಎಷ್ಟು ಜನ ಸಿಗರೇಟು ಬಿಟ್ಟು, ಕಾಫಿ ಏರಿಸಿ, ನಡುಕ ತಾಳಲಾರದೆ ಮತ್ತೆ ಸಿಗರೇಟಿಗೆ ಮರಳಿದ್ದಾರೋ ಎಂದು ಯೋಚಿಸಿದರೆ ಬೇಸರವಾಗುತ್ತದೆ. ಮರಳಿದ ಮೇಲೆ ನಡುಕ ನಿಲ್ಲುತ್ತದೆ, ಏಕೆಂದರೆ ಆ ಕಿಣ್ವ ಮತ್ತೆ ಓಡತೊಡಗುತ್ತದೆ. ಅವರು ಅದನ್ನು ಸಿಗರೇಟಿನ ಮಹಿಮೆಯೆಂದು ತಿಳಿಯುತ್ತಾರೆ. ನಾನು ಎಂಟರಿಂದ ನಾಲ್ಕಕ್ಕೆ ಇಳಿದೆ, ಅದೂ ವಾರವಿಡೀ ಹಂತಹಂತವಾಗಿ, ಏಕೆಂದರೆ ಕಾಫಿಯನ್ನು ಒಮ್ಮೆಲೇ ನಿಲ್ಲಿಸಿದರೆ ಅದರದೇ ತಲೆನೋವು ಗಂಟುಬೀಳುತ್ತದೆ. ಮಧ್ಯಾಹ್ನ ಮೂರರ ಬೆಲ್ಲದ ಕಾಫಿಯೇ ಕೊನೆ. ಐದನೆಯ ರಾತ್ರಿ ನಿದ್ದೆ ಬಂತು. ಇದೇ ಕಿಣ್ವ ಕೆಲವು ಔಷಧಿಗಳನ್ನೂ ಒಡೆಯುತ್ತದೆ. ಉಬ್ಬಸಕ್ಕೆ ಥಿಯೋಫಿಲಿನ್ ಅಥವಾ ಮಾನಸಿಕ ಕಾಯಿಲೆಗೆ ಕ್ಲೋಜಪಿನ್, ಒಲಾಂಜಪಿನ್ ತೆಗೆದುಕೊಳ್ಳುವವರು ಸಿಗರೇಟು ಬಿಡುವ ಮುನ್ನ ತಮ್ಮ ವೈದ್ಯರಿಗೆ ತಪ್ಪದೆ ತಿಳಿಸಬೇಕು, ಏಕೆಂದರೆ ಆ ಮಾತ್ರೆಯ ಪ್ರಮಾಣವನ್ನೇ ಬದಲಿಸಬೇಕಾಗಬಹುದು.

ಗಮ್ಮಿಗೂ ಕಾಫಿಗೂ ಇನ್ನೊಂದು ಜಗಳವಿದೆ. ನಿಕೋಟಿನ್ ಗಮ್ಮನ್ನು ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯಬಾರದು. ಖಾರ ಹತ್ತುವವರೆಗೆ ನಿಧಾನವಾಗಿ ಅಗಿದು, ಕೆನ್ನೆಯ ಒಳಗೆ ಒತ್ತಿ ಇಟ್ಟುಕೊಂಡು, ಖಾರ ಇಳಿದ ಮೇಲೆ ಮತ್ತೆ ಅಗಿಯಬೇಕು. ನಿಕೋಟಿನ್ ಹೀರಿಕೊಳ್ಳುವುದು ಕೆನ್ನೆಯೇ ಹೊರತು ಹೊಟ್ಟೆಯಲ್ಲ. ಬಾಯಲ್ಲಿ ಕಾಫಿಯ ಹುಳಿ ಇದ್ದರೆ ಆ ಹೀರುವಿಕೆ ತಗ್ಗುತ್ತದೆ, ಆದ್ದರಿಂದ ಗಮ್ಮಿಗೆ ಕಾಲು ಗಂಟೆ ಮೊದಲಿನಿಂದ ಕಾಫಿ ಕುಡಿಯಬಾರದು. ನಾನು ಹಿಂದಿನ ಪ್ರಯತ್ನದಲ್ಲಿ ಕಾಫಿ ಕುಡಿಯುತ್ತಲೇ ಗಮ್ ಜಗಿದು, ಎಲ್ಲವನ್ನೂ ನುಂಗಿ, ಬಿಕ್ಕಳಿಕೆ ಬರಿಸಿಕೊಂಡು, "ಇದೆಲ್ಲ ದುಡ್ಡು ಮಾಡುವ ಆಟ" ಎಂದು ಊರೆಲ್ಲ ಸಾರಿಕೊಂಡು ಬಂದಿದ್ದೆ. ಗಮ್ಮಿನ ಬದಲಿಗೆ ಎಲೆ ಅಡಿಕೆ, ಕಡ್ಡಿಪುಡಿ ಹಿಡಿದವರನ್ನೂ ಕಂಡಿದ್ದೇನೆ. ಕಡ್ಡಿಪುಡಿ ತಂಬಾಕೇ. ಅಡಿಕೆಯನ್ನು ಕೂಡ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಸೇರಿಸಿದೆ. ಅಡಿಕೆ ತೋಟವಿರುವ ನೆಂಟರು ಈ ಸಾಲಿಗೆ ಕೋಪಿಸಿಕೊಳ್ಳುತ್ತಾರೆಂದು ಗೊತ್ತು.

ಸಿಟ್ಟಿಗಿಂತ ನನ್ನನ್ನು ಹೆದರಿಸಿದ್ದು ದುಃಖ. ಎರಡನೆಯ ವಾರದ ಒಂದು ಸಂಜೆ, ಕಣದಲ್ಲಿ ಒಣಹಾಕಿದ್ದ ಪಾರ್ಚ್‌ಮೆಂಟ್ (ಸಿಪ್ಪೆ ಸುಲಿದ ಕಾಫಿ ಬೀಜ) ಮೇಲೆ ಟಾರ್ಪಾಲು ಮುಚ್ಚಿ ಕಲ್ಲು ಇಡುತ್ತಿದ್ದಾಗ ಕಣ್ಣಲ್ಲಿ ನೀರು ಸುರಿಯತೊಡಗಿತು. ಯಾರೂ ಸತ್ತಿರಲಿಲ್ಲ, ಯಾರೂ ಬೈದಿರಲಿಲ್ಲ. ದಿನದ ಕೆಲಸ ಮುಗಿಸಿ ನಾನು ಒಂದು ಸಿಗರೇಟು ಹಚ್ಚುತ್ತಿದ್ದ ಹೊತ್ತು ಅದು. 23 ವರ್ಷ ಜೊತೆಗಿದ್ದ ಸಂಗಾತಿ ಬಾರದ ಸಂಜೆ. ಮನೆಯಲ್ಲಿ ನನ್ನ ಹೆಂಡತಿ ಎರಡು ವಾರ ಎಲ್ಲವನ್ನೂ ಸಹಿಸಿ, ಒಂದು ರಾತ್ರಿ ಅನ್ನ ಬಡಿಸುತ್ತಾ, "ಹೋಗಿ ಒಂದು ಸೇದ್ಕೊಂಡು ಬನ್ನಿ ಮಾರಾಯ್ರೆ, ನಮಗಾದ್ರೂ ನೆಮ್ಮದಿ ಇರ್ಲಿ" ಎಂದಳು. ಅವಳನ್ನು ನಾನು ದೂರುವುದಿಲ್ಲ. ಆದರೆ ಬಿಡುತ್ತಿರುವವರ ಮನೆಯವರಿಗೆ ನನ್ನ ವಿನಂತಿ ಇಷ್ಟೇ: ಈ ಒಂದು ಮಾತನ್ನು ಬಿಟ್ಟು ಬೇರೆ ಏನನ್ನಾದರೂ ಹೇಳಿ, ಬೇಕಾದರೆ ಬೈಯಿರಿ. ಮರುದಿನ ನಾನು ಅವಳಿಗೂ ಮಗನಿಗೂ ಕ್ಯಾಲೆಂಡರಿನಲ್ಲಿ ನಾಲ್ಕನೆಯ ವಾರದ ಕೊನೆಯ ದಿನವನ್ನು ತೋರಿಸಿ, ಅಲ್ಲಿಯವರೆಗೆ ನಾನು ಎದ್ದು ಹಿತ್ತಲಿಗೆ ಹೋದರೆ ಹಿಂದೆ ಬರಬೇಡಿ ಎಂದು ಹೇಳಿದೆ. ಇದನ್ನು ಮೊದಲ ದಿನವೇ ಹೇಳಬೇಕಿತ್ತು. ಗುಟ್ಟಾಗಿ ಬಿಡುವುದರಲ್ಲಿ ದೊಡ್ಡಸ್ತಿಕೆಯೇನೂ ಇಲ್ಲ. ಸೋತರೆ ಯಾರಿಗೂ ತಿಳಿಯದಿರಲಿ ಎಂಬ ಲೆಕ್ಕಾಚಾರ ಮಾತ್ರ ಇದೆ. ನಾಲ್ಕು ವಾರ ಕಳೆದರೂ ದುಃಖ ಕರಗದಿದ್ದರೆ, ಅಥವಾ ಬದುಕೇ ಬೇಡವೆನಿಸಿದರೆ, ಅದಕ್ಕೆ ವಾರಗಳನ್ನು ಎಣಿಸುತ್ತಾ ಕೂರದೆ ವೈದ್ಯರನ್ನು ಕಾಣಬೇಕು.

ಏಳನೆಯ ವಾರದಲ್ಲಿ ನಾನು ಒಂದು ಸಿಗರೇಟು ಸೇದಿದೆ. ಮಂಗಳೂರಿಗೆ ಹೊರಟಿದ್ದ ಭಾವಮೈದುನನ ಜೀಪು, ಚಾರ್ಮಾಡಿ ಘಾಟಿ ಇಳಿಯುವ ಮುನ್ನ ಕೊಟ್ಟಿಗೆಹಾರದಲ್ಲಿ ನಿಂತಿತು. ಚಳಿ, ಮಂಜು, ನೀರುದೋಸೆ, ಲೋಟದಲ್ಲಿ ಬಿಸಿ ಚಹಾ, ಹೊಗೆ ಬಿಡುತ್ತಾ ನಿಂತ ನಾಲ್ಕು ಜನ. ಮೈಯಲ್ಲಿ ನಿಕೋಟಿನ್ ಒಂದು ಹನಿಯೂ ಉಳಿದಿರಲಿಲ್ಲ; ನನ್ನನ್ನು ಎಳೆದದ್ದು ಆ ಜಾಗ. ಪೆಟ್ಟಿಗೆ ಅಂಗಡಿಯಲ್ಲಿ ಒಂದು ಸಿಗರೇಟು ಕೊಂಡೆ. ಬಿಡಿ ಸಿಗರೇಟು ಮಾರುವಂತಿಲ್ಲ ಎಂಬ ನಿಯಮ ಕರ್ನಾಟಕದಲ್ಲಿದೆ, ಆದರೆ ಅಂಗಡಿಯವನು ನನ್ನ ಮುಖ ಕೂಡ ನೋಡಲಿಲ್ಲ. ಇಡೀ ಪ್ಯಾಕೆಟ್ ಕೊಳ್ಳಬೇಕಾಗಿದ್ದರೆ ನಾನು ಕೊಳ್ಳುತ್ತಿರಲಿಲ್ಲ ಎಂಬುದು ಖಂಡಿತ. ತಲೆ ಸುತ್ತಿತು, ಬಾಯಿ ಕಹಿಯಾಯಿತು, ಅರ್ಧಕ್ಕೇ ಎಸೆದೆ. ಹಿಂದಿನ ಬಾರಿಗಳಲ್ಲಿ ಇಂಥ ಒಂದರಿಂದಲೇ "ಹೋಯಿತು, ಇನ್ನೇನು" ಎಂದು ಪ್ಯಾಕೆಟ್ಟಿಗೆ ಮರಳಿದ್ದೆ. ಈ ಬಾರಿ ಹಾಜರಿ ಪುಸ್ತಕದ ಆ ಹಾಳೆಯಲ್ಲಿ ತಾರೀಖು, ಜಾಗ, ಹೊತ್ತು ಬರೆದೆ. ಮುಂದಿನ ಮೂರು ದಿನ ಹಪಹಪಿ ಜೋರಾಯಿತು, ನಾಲ್ಕನೆಯ ದಿನ ಇಳಿಯಿತು. ಈಗ ಘಾಟಿ ಇಳಿಯುವಾಗ ಬಣಕಲ್ಲಿನಲ್ಲೇ ಚಹಾ ಕುಡಿದು, ಕೊಟ್ಟಿಗೆಹಾರದಲ್ಲಿ ನಿಲ್ಲಿಸದೆ ಹೋಗುತ್ತೇವೆ. ಭಾವಮೈದುನನಿಗೆ ನೀರುದೋಸೆ ತಪ್ಪಿದ ಕೊರಗು ಇನ್ನೂ ಹೋಗಿಲ್ಲ. ತೂಕ 5 ಕೆ.ಜಿ. ಏರಿದೆ. ಅದನ್ನು ಆಮೇಲೆ ನೋಡೋಣವೆಂದು ಬಿಟ್ಟಿದ್ದೇನೆ, ಎರಡು ಯುದ್ಧ ಒಟ್ಟಿಗೆ ಬೇಡ.

ಈ ವಾರ ಅರೇಬಿಕಾ ಕೊಯ್ಲು ಮತ್ತೆ ಶುರುವಾಗಿದೆ. ಮೊನ್ನೆ ತೂಕದ ಸಾಲಿನಲ್ಲಿ ಅದೇ ಹೆಂಗಸು ತಮ್ಮ ಸರದಿ ಬಂದಾಗ, ಅವರ ಮನೆಯವರು ಆಯುಧಪೂಜೆಯ ದಿನ ಬೀಡಿ ಬಿಟ್ಟು ದೀಪಾವಳಿಗೆ ಮತ್ತೆ ಹಿಡಿದರೆಂದು ಹೇಳಿ, ನಾನು ಯಾರ ಬಳಿ ತೋರಿಸಿದ್ದೆನೆಂದು ಕೇಳಿದರು. ತೂಕದ ಚೀಟಿಯ ಹಿಂಬದಿಯಲ್ಲಿ 1800-11-2356 ಎಂದು ಬರೆದುಕೊಟ್ಟೆ. ಬೀಡಿ, ಸಿಗರೇಟಿನ ಪೊಟ್ಟಣದ ಮೇಲೆ ಅಚ್ಚಾಗಿರುವ ಉಚಿತ ಸಹಾಯವಾಣಿ ಅದು, ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದಿಂದ ಕನ್ನಡದಲ್ಲೇ ಮಾತನಾಡುತ್ತಾರೆ ಎಂದೆ. ಅವರು ಚೀಟಿಯನ್ನು ಮಡಚಿ ಸೊಂಟದ ಚೀಲಕ್ಕೆ ಸೇರಿಸಿ, "ಕಾಫಿನೂ ಕಮ್ಮಿ ಮಾಡ್ಬೇಕಾ?" ಎಂದು ಕೇಳಿದರು. ಹೌದು ಎಂದೆ. "ಅದು ಆಗದ ಮಾತು ಬಿಡಿ" ಎಂದು ನಗುತ್ತಾ ಚೀಲವನ್ನು ಕೊಕ್ಕೆಗೆ ಸಿಕ್ಕಿಸಿದರು. 42 ಕೆ.ಜಿ. ಇತ್ತು. ಹಸಿರು ಕಾಯಿಯೂ ಇತ್ತು, ನಾನು ನೋಡಿದೆ.