ಹೊಗೆ ಎಲ್ಲಿಂದ ಬಂತು ಅಂತ ಕೇಳೋಣ

ನಮ್ಮ ಮನೆ ಮಂಡ್ಯದಿಂದ ಸ್ವಲ್ಪ ಹೊರಗೆ. ಸುತ್ತ ಕಬ್ಬಿನ ಗದ್ದೆ. ಜನವರಿಯಲ್ಲಿ ಬೆಳಿಗ್ಗೆ ಆರಕ್ಕೆ ಮಹಡಿ ಹತ್ತಿದರೆ ಆಲೆಮನೆಯ ಹೊಗೆ ಕಾಣುತ್ತದೆ. ತೆಂಗಿನ ಮರದೆತ್ತರಕ್ಕೆ ಏರಿ ಅಲ್ಲೇ ನಿಂತುಬಿಡುತ್ತದೆ. ಆಮೇಲೆ ಚಾಪೆ ಹಾಸಿದ ಹಾಗೆ ಊರ ಮೇಲೆ ಅಡ್ಡಕ್ಕೆ ಹರಡುತ್ತದೆ. ಚಳಿಗಾಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ. ಕೆಳಗೆ ತಣ್ಣನೆ ಗಾಳಿ, ಅದರ ಮೇಲೆ ಬೆಚ್ಚನೆ ಗಾಳಿ. ಹೊಗೆಗೆ ಮೇಲೇರಲು ದಾರಿಯೇ ಇಲ್ಲ. ಬಿಸಿಲೇರುವ ತನಕ ನಾವು ಕುಡಿಯುವುದು ಅದನ್ನೇ.

ಮಾರ್ಚ್ ಬಂದರೆ ಕಿಟಕಿ ಒರೆಸಿದ ಬಟ್ಟೆಯ ಬಣ್ಣವೇ ಬೇರೆ. ಜನವರಿಯಲ್ಲಿ ಬೆರಳಿಗೆ ಅಂಟುವ ಕರಿ, ಈಗ ಕೆಮ್ಮಣ್ಣು. ಜೂನ್‌ನಿಂದ ಮುಂಗಾರು ಗಾಳಿ ಹೊಗೆಯನ್ನು ಚದುರಿಸುತ್ತದೆ. ಸೆಪ್ಟೆಂಬರ್, ಅಕ್ಟೋಬರ್ ಮಳೆ ಉಳಿದದ್ದನ್ನು ತೊಳೆಯುತ್ತದೆ. ಬಟ್ಟೆಗೆ ಸಿಗುವುದು ಹೆಚ್ಚಾಗಿ ದಪ್ಪ ಕಣ, ಅದೂ ನೆನಪಿರಲಿ. ಪಿಎಂ 2.5 ಅನ್ನುವ ಅತಿ ಸಣ್ಣ ಕಣ ಕೂದಲಿನ ದಪ್ಪದಲ್ಲಿ ಸುಮಾರು 25ರಲ್ಲಿ ಒಂದು ಪಾಲು. ಅದು ಸೀದಾ ಶ್ವಾಸಕೋಶದ ಆಳಕ್ಕೆ ಇಳಿಯುತ್ತದೆ.

ಈ ಪಿಎಂ 2.5ಕ್ಕೆ ನಮ್ಮ ದೇಶದ ಮಿತಿ ಒಂದು ಘನ ಮೀಟರ್ ಗಾಳಿಗೆ 40 ಮೈಕ್ರೋಗ್ರಾಂ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಎರಡೂ ಮಿತಿ ಇಡೀ ಒಂದು ವರ್ಷದ ಸರಾಸರಿಗೆ. ಈ ಸರಾಸರಿ ಅನ್ನುವುದರಲ್ಲೇ ನನಗೆ ತಕರಾರು. ಮಳೆಗಾಲದ ಒಳ್ಳೆ ಗಾಳಿ ಸೇರಿಸಿ ಭಾಗಿಸಿದರೆ ಜನವರಿಯ ಬೆಳಗು ಲೆಕ್ಕದಲ್ಲಿ ಮುಚ್ಚಿಹೋಗುತ್ತದೆ, ಅಲ್ವಾ?

ಜೊತೆಗೆ, ನಂಬರ್ ಒಂದೇ ಇದ್ದರೆ ಕಾರಣ ಗೊತ್ತಾಗುವುದಿಲ್ಲ. ಕಾರಣ ಹುಡುಕುವ ದಾರಿ ಇದೆ. ಫಿಲ್ಟರ್ ಮೂಲಕ ಗಾಳಿ ಎಳೆದು, ಅದರ ಮೇಲೆ ಕೂತ ಕಣಗಳಲ್ಲಿ ಏನಿದೆ ಅಂತ ಲ್ಯಾಬ್‌ನಲ್ಲಿ ನೋಡುತ್ತಾರೆ. ಸಿಲಿಕಾನ್, ಅಲ್ಯೂಮಿನಿಯಂ ಜಾಸ್ತಿಯಿದ್ದರೆ ಮಣ್ಣಿನ ದೂಳು. ಸೌದೆ, ಕಬ್ಬಿನ ತರಗು ಸುಟ್ಟಿದ್ದರೆ ಲೆವೊಗ್ಲುಕೋಸಾನ್ ಸಿಗುತ್ತದೆ. ಅದು ಸಕ್ಕರೆ ಜಾತಿಯದು, ಗಿಡಮರದ ನಾರು ಉರಿದಾಗ ಹುಟ್ಟುತ್ತದೆ. ಸತು ಜಾಸ್ತಿಯಿದ್ದರೆ ಟೈರ್ ಕಡೆಗೂ ನೋಡಬೇಕು. ಕಾರಣ ಗೊತ್ತಾದರೆ ತಾನೇ ಸರಿಯಾದ ಮದ್ದು: ರಸ್ತೆಗೆ ನೀರು ಹೊಡೆದರೆ ಮಣ್ಣು ಕೂರುತ್ತದೆ, ಹೊಗೆ ಕೂರುತ್ತದಾ?

ಟೈರ್ ಮಾತು ಸುಮ್ನೆ ಎತ್ತಿದ್ದಲ್ಲ. ಒಂದು ಆಲೆಮನೆಯಲ್ಲಿ, ರಸ ಹಿಂಡಿದ ಕಬ್ಬಿನ ಸಿಪ್ಪೆ ಉರಿಸುವ ಒಲೆಗೆ ಹಳೆ ಟೈರ್ ಹಾಕುವುದನ್ನು ಕಣ್ಣಾರೆ ನೋಡಿದೆ. ಕೇಳಿದ್ದಕ್ಕೆ ಆತ, "ಇಬ್ಬನಿಗೆ ಸಿಪ್ಪೆ ಒದ್ದೆ ಕಣಣ್ಣ, ಉರಿ ಹತ್ತಾಕಿಲ್ಲ" ಅಂದರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಹೊಗೆಯಲ್ಲಿ ಮೊದಲು ಕೆಮ್ಮುವವರೇ ಅವರು.

ಮಂಡ್ಯದಲ್ಲಿ ಜನವರಿಗೊಂದು, ಏಪ್ರಿಲ್‌ಗೊಂದು, ಅಕ್ಟೋಬರ್‌ಗೊಂದು ಸಲ ಫಿಲ್ಟರ್ ಇಟ್ಟು ಪರೀಕ್ಷೆ ಮಾಡಿಸಲಿ. ಟೈರ್ ಹೊಗೆಯ ಗುರುತು ಸಿಕ್ಕರೆ, ದಂಡದ ಚೀಟಿ ಹಿಡಿದು ಹೋಗುವ ಮೊದಲು ಸಿಪ್ಪೆ ಒಣಗಿಸಿ ಇಡಲು ಆಲೆಮನೆಗೊಂದು ಶೆಡ್ ಕಟ್ಟಿಕೊಡಲಿ.